ಸಂಬಳವನ್ನು ಮುಟ್ಟದ ಪಟಾಲಂ

ಹಳಗನ್ನಡ ಕಾವ್ಯಗಳ ಪರಿಚಯವುಳ್ಳವರಿಗೆ ‘ಜೋಳದ ಪಾಳಿ’ ಎಂಬ ಮಾತು ಹೊಸದಲ್ಲ. ಒಡೆಯನ ಅನ್ನವನ್ನುಂಡ ಭಟನು ಆ ಋಣವನ್ನು ರಣರಂಗದಲ್ಲಿ ಪ್ರಾಣವನ್ನಿತ್ತಾದರೂ ತೀರಿಸಬೇಕೆಂಬ ಧರ್ಮ ಅದು. ಅನ್ನ ಮೊದಲು, ಪ್ರಾಣ ಆಮೇಲೆ. ಈ ಕ್ರಮವನ್ನೇ ತಲೆಕೆಳಗು ಮಾಡಿದ ಒಂದು ಪಟಾಲಮಿನ ಕಥೆಯನ್ನು ನಾನು ಈ ಹೊತ್ತು ಹೇಳಬೇಕೆಂದಿದ್ದೇನೆ. ಅದು ಪ್ರಾಣವನ್ನು ಮೊದಲೇ ಕೊಟ್ಟಿತು; ಸಂಬಳವನ್ನು ಮಾತ್ರ ಸುಮಾರು ಒಂದೂವರೆ ವರ್ಷ ಕೈಯಿಂದ ಮುಟ್ಟಲಿಲ್ಲ.

ಅಮೆರಿಕದ ಅಂತರ್ಯುದ್ಧ 1861ರಿಂದ 1865ರವರೆಗೆ ನಡೆಯಿತು. ಗುಲಾಮಗಿರಿಯನ್ನು ಉಳಿಸಿಕೊಳ್ಳಲೆಂದು ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಸಿಡಿದು ಹೋದವು. ಒಕ್ಕೂಟವನ್ನು ಉಳಿಸಲೆಂದು ಉತ್ತರದವರು ಆಯುಧ ಹಿಡಿದರು. ಖಾಯಂ ಸೈನ್ಯ ತೀರ ಚಿಕ್ಕದು. ಆದ್ದರಿಂದ ಒಂದೊಂದು ರಾಜ್ಯವೂ ಸ್ವಯಂಸೇವಕರನ್ನು ಕೂಡಿಸಿ, ಪದಾತಿ ಪಟಾಲಮುಗಳನ್ನು ಕಟ್ಟಿ, ಅವಕ್ಕೆ ಕ್ರಮಸಂಖ್ಯೆಯನ್ನಿತ್ತು ಕೇಂದ್ರ ಸರ್ಕಾರದ ಸೇವೆಗೆ ಒಪ್ಪಿಸುತ್ತಿತ್ತು. ಹತ್ತು ಕಂಪೆನಿಗಳು, ಸುಮಾರು ಸಾವಿರ ಆಳುಗಳು, ಅವರ ಮೇಲೊಬ್ಬ ಕರ್ನಲ್; ಇದು ಒಂದು ಪಟಾಲಮಿನ ಅಳತೆ. ಮೊದಲ ಎರಡು ವರ್ಷ ಇವೆಲ್ಲ ಬಹುಮಟ್ಟಿಗೆ ಬಿಳಿಯರ ಪಟಾಲಮುಗಳೇ. 1863ರ ಜನವರಿ 1ರಂದು ಅಧ್ಯಕ್ಷ ಲಿಂಕನ್ ಹೊರಡಿಸಿದ ವಿಮೋಚನೆಯ ಘೋಷಣೆ ಕರಿಯರಿಗೆ ಸೈನ್ಯದ ಬಾಗಿಲನ್ನು ಅಗಲವಾಗಿ ತೆರೆಯಿತು. ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಜಾನ್ ಆಂಡ್ರ್ಯೂ ಕೂಡಲೇ ಕರಿಯರ ಪಟಾಲಮೊಂದನ್ನು ಕಟ್ಟಲು ನಿಂತ. ಅದೇ ಮ್ಯಾಸಚೂಸೆಟ್ಸಿನ 54ನೆಯ ಸ್ವಯಂಸೇವಕ ಪದಾತಿ ಪಟಾಲಂ.

ಅದಕ್ಕೆ ಸೇರಲು ಉತ್ತರದ ಹಲವು ರಾಜ್ಯಗಳಿಂದ ಜನ ಬಂದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಮಹಾವಾಗ್ಮಿಯಾಗಿ ಬೆಳೆದಿದ್ದ ಫ್ರೆಡರಿಕ್ ಡಗ್ಲಸ್ ತನ್ನ ಇಬ್ಬರು ಮಕ್ಕಳನ್ನೇ ಕಳುಹಿಸಿಕೊಟ್ಟ. ಕರ್ನಲ್ ಆಗಿ ಬಂದವನು ರಾಬರ್ಟ್ ಗೂಲ್ಡ್ ಶಾ, ಇಪ್ಪತ್ತೈದು ವರ್ಷದ ಬಿಳಿಯ ತರುಣ. ಕಾದಂಬರಿಕಾರ ಹೆನ್ರಿ ಜೇಮ್ಸನ ತಮ್ಮ ಗಾರ್ತ್ ವಿಲ್ಕಿನ್ಸನ್ ಜೇಮ್ಸ್ ಕೂಡ ಅದರ ಅಧಿಕಾರಿಗಳಲ್ಲಿ ಒಬ್ಬ. ಸೇರುವಾಗ ಸಿಪಾಯಿಗಳಿಗೆ ಕೊಟ್ಟ ವಚನ ಸ್ಪಷ್ಟವಾಗಿತ್ತು: ಬಿಳಿಯ ಸಿಪಾಯಿಯಂತೆಯೇ ತಿಂಗಳಿಗೆ 13 ಡಾಲರ್ ಸಂಬಳ. 1863ರ ಮೇ 28ರಂದು ಪಟಾಲಂ ಬಾಸ್ಟನ್ನಿನಿಂದ ಹಡಗು ಹತ್ತಿತು.

ಏಳು ವಾರಗಳು ದಾಟುತ್ತಲೇ, ಜುಲೈ 18ರ ಮುಸ್ಸಂಜೆ, ಅದು ಚಾರ್ಲ್ಸ್‌ಟನ್ ಬಂದರಿನ ಬಳಿಯ ವ್ಯಾಗ್ನರ್ ಕೋಟೆಯ ಮುಂದೆ ನಿಂತಿತ್ತು. ಮರಳಿನಿಂದ ಕಟ್ಟಿದ ಕೋಟೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಜೌಗು, ನಡುವೆ ಕಿರಿದಾದ ಮರಳ ಹಾದಿ. ಆ ದಾಳಿಯ ಮುಂಚೂಣಿ 54ನೆಯ ಪಟಾಲಮಿನದು. ನುಗ್ಗಿದವರು ಸುಮಾರು ಆರುನೂರು ಮಂದಿ. ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಒಟ್ಟು 272. ಕೋಟೆಯ ಗೋಡೆಯ ಮೇಲೆ ಶಾ ಗುಂಡೇಟಿಗೆ ಬಿದ್ದ. ಪತಾಕೆಯನ್ನು ಹಿಡಿದವನು ಬಿದ್ದಾಗ ವಿಲಿಯಂ ಕಾರ್ನಿ ಎಂಬ ಸಾರ್ಜೆಂಟ್ ಅದನ್ನೆತ್ತಿಕೊಂಡು, ಹಲವು ಗಾಯಗಳನ್ನುಂಡೂ ನೆಲಕ್ಕೆ ತಾಗಿಸದೆ ಹಿಂದಕ್ಕೆ ತಂದ. ಶತ್ರುಗಳು ಶಾನನ್ನು ಅವನ ಸಿಪಾಯಿಗಳೊಂದಿಗೆ ಒಂದೇ ಗುಂಡಿಯಲ್ಲಿ ಹೂಳಿದರು. ಅದು ಅವಮಾನವೆಂದು ಅವರ ಭಾವನೆ. ಮಗನನ್ನು ಅಲ್ಲಿಂದ ಎತ್ತಬೇಡಿರೆಂದು ಶಾನ ತಂದೆ ಹೇಳಿಕಳುಹಿಸಿದ; ಆ ಸಂಗಡಿಗರ ನಡುವಿನ ನೆಲಕ್ಕಿಂತ ಪವಿತ್ರವಾದ ಜಾಗ ಬೇರೆಯಿಲ್ಲವೆಂದು ಅವನ ಭಾವನೆ.

ಇಷ್ಟನ್ನು ಇತಿಹಾಸದ ಪುಸ್ತಕಗಳೆಲ್ಲ ಹೇಳುತ್ತವೆ. ಆದರೆ ನನ್ನ ಮನಸ್ಸನ್ನು ಹೆಚ್ಚು ಕಾಡಿರುವುದು ಈ ಪಟಾಲಮಿನ ಇನ್ನೊಂದು ಯುದ್ಧ. ಅದು ನಡೆದದ್ದು ಸಂಬಳ ಬಟವಾಡೆಯ ಮೇಜಿನ ಮುಂದೆ. ಸರ್ಕಾರ ಮಾತು ತಪ್ಪಿತು. 1862ರ ಕಾನೂನೊಂದನ್ನು ಮುಂದಿಟ್ಟು, ಕರಿಯರಿಗೆ ಸಲ್ಲುವುದು ತಿಂಗಳಿಗೆ 10 ಡಾಲರ್, ಅದರಲ್ಲಿ ಬಟ್ಟೆಯ ಲೆಕ್ಕಕ್ಕೆ 3 ಡಾಲರ್ ಮುರಿದು ಕೈಗೆ 7 ಎಂದಿತು. ಅದು ಕೂಲಿಯಾಳುಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ದರ. ಪಟಾಲಂ ಆ ಹಣವನ್ನು ಒಲ್ಲೆನೆಂದಿತು. ಕೊರೆಬಿದ್ದ ಹಣವನ್ನು ತಾನೇ ತುಂಬಿಕೊಡುವುದಾಗಿ ಮ್ಯಾಸಚೂಸೆಟ್ಸ್ ರಾಜ್ಯ ಮುಂದೆ ಬಂದಿತು. ಅದನ್ನೂ ಒಲ್ಲೆನೆಂದಿತು! ಕೇಳಿದ್ದು ಹಣವನ್ನಲ್ಲ, ಸಮಾನವಾದ ಹೆಸರನ್ನು.

ಈ ನಿರಾಕರಣೆಯ ಬೆಲೆ ಎಷ್ಟೆಂಬುದನ್ನು ನಾವು ನೆನೆಯಬೇಕು. ಊರಿನಲ್ಲಿ ಹೆಂಡಿರು ಮಕ್ಕಳು ಪರರ ದಯೆಗೆ ಕೈಯೊಡ್ಡುವಂತಾಯಿತು. ದಕ್ಷಿಣ ಕೆರೊಲಿನಾದ ಕರಿಯರ ಪಟಾಲಮೊಂದರಲ್ಲಿ ಇದೇ ಕಾರಣಕ್ಕಾಗಿ ಆಯುಧ ಕೆಳಗಿಟ್ಟವರ ಮುಂದಾಳು ಸಾರ್ಜೆಂಟ್ ವಿಲಿಯಂ ವಾಕರನನ್ನು ದಂಗೆಕೋರನೆಂದು 1864ರ ಫೆಬ್ರವರಿಯಲ್ಲಿ ಗುಂಡಿಕ್ಕಿ ಕೊಂದರು. 54ನೆಯ ಪಟಾಲಂ ಆಯುಧ ಕೆಳಗಿಡಲಿಲ್ಲ. ಸಂಬಳವೊಂದನ್ನು ಬಿಟ್ಟು ಉಳಿದೆಲ್ಲ ಕರ್ತವ್ಯವನ್ನೂ ಮಾಡಿತು. ಅದೇ ಫೆಬ್ರವರಿ 20ರಂದು ಫ್ಲಾರಿಡಾದ ಒಲಸ್ಟಿಯಲ್ಲಿ ಉತ್ತರದ ಸೇನೆ ಸೋತು ಹಿಮ್ಮೆಟ್ಟಿದಾಗ ಬೆನ್ನಿಗೆ ನಿಂತು ಕಾದದ್ದು ಈ ಪಟಾಲಂ. ಗಾಯಾಳುಗಳನ್ನು ತುಂಬಿದ್ದ ರೈಲಿನ ಎಂಜಿನ್ ಕೆಟ್ಟು ನಿಂತಾಗ, ದಣಿದ ಈ ಸಿಪಾಯಿಗಳು ಹಗ್ಗ ಕಟ್ಟಿ ರೈಲನ್ನೇ ಎಳೆದರು. ಒಂದು ಕಾಸೂ ಕೈಸೇರದ ಸಿಪಾಯಿಗಳು!

ಪಟಾಲಮಿನಲ್ಲಿ ಜೇಮ್ಸ್ ಹೆನ್ರಿ ಗುಡಿಂಗ್ ಎಂಬ ಕಾರ್ಪೊರಲ್ ಇದ್ದ. ಮೊದಲು ತಿಮಿಂಗಿಲ ಬೇಟೆಯ ಹಡಗುಗಳಲ್ಲಿ ದುಡಿದವನು. ಅಕ್ಷರದ ಮೇಲೆ ಒಲವಿದ್ದು, ಯುದ್ಧರಂಗದಿಂದ ಊರಿನ ಪತ್ರಿಕೆಗೆ ಕಾಗದಗಳನ್ನು ಬರೆಯುತ್ತಿದ್ದ. 1863ರ ಸೆಪ್ಟೆಂಬರ್ 28ರಂದು ಅವನು ನೇರವಾಗಿ ಲಿಂಕನ್ನನಿಗೇ ಬರೆದ. ಅವನ ಪ್ರಶ್ನೆಯ ತಿರುಳು ಇಷ್ಟೇ: ನಾವು ಸೈನಿಕರೋ, ಕೂಲಿಗಳೋ? ಸೈನಿಕನ ಕೆಲಸವನ್ನು ಮಾಡಿದ್ದೇವೆ. ಸೈನಿಕನ ಸಂಬಳ ಏಕಿಲ್ಲ? ಒಲಸ್ಟಿಯಲ್ಲಿ ಗುಡಿಂಗ್ ಗಾಯಗೊಂಡು ಸೆರೆಸಿಕ್ಕ. ಆಂಡರ್ಸನ್‌ವಿಲ್ಲಿನ ಕುಖ್ಯಾತ ಸೆರೆಶಿಬಿರದಲ್ಲಿ 1864ರ ಜುಲೈನಲ್ಲಿ ಸತ್ತ.

ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೇ ವಾಷಿಂಗ್ಟನ್ನಿನ ಶಾಸನಸಭೆ ಮಣಿದಿತ್ತು. ಸಮಾನ ವೇತನ ಕೊಡುವುದೆಂದಾಯಿತು. ಅದರಲ್ಲಿಯೂ ಒಂದು ಕೊಕ್ಕೆ: ಹಿಂದಿನ ಬಾಕಿಯೆಲ್ಲ ಪೂರ್ತಿ ಸಲ್ಲುವುದು 1861ರ ಏಪ್ರಿಲ್ 19ರಂದು ಸ್ವತಂತ್ರರಾಗಿದ್ದವರಿಗೆ ಮಾತ್ರ. ಪಟಾಲಮಿನಲ್ಲಿ ಗುಲಾಮಗಿರಿಯಿಂದ ಓಡಿಬಂದವರೂ ಇದ್ದರು. ಆಗ ಕರ್ನಲ್ ಆಗಿದ್ದ ಎಡ್ವರ್ಡ್ ಹ್ಯಾಲೊವೆಲ್ ಒಂದು ಪ್ರಮಾಣವಚನವನ್ನು ರಚಿಸಿದ. ಆ ದಿನ ನಾನು ಯಾರಿಗೂ ಬಿಟ್ಟಿ ದುಡಿಮೆಯ ಋಣವುಳ್ಳವನಾಗಿರಲಿಲ್ಲ ಎಂಬುದು ಅದರ ಅರ್ಥ. ಮನುಷ್ಯ ಮನುಷ್ಯನಿಗೆ ಗುಲಾಮನಾಗಿರುವುದು ದೇವರ ನ್ಯಾಯದಲ್ಲಿ ಇಲ್ಲವೆಂದ ಮೇಲೆ, ಓಡಿಬಂದವನೂ ಸತ್ಯವಾಗಿ ಈ ಪ್ರಮಾಣ ಮಾಡಬಹುದಾಗಿತ್ತು, ಮಾಡಿದರು. ಸೆಪ್ಟೆಂಬರಿನ ಕೊನೆಗೆ ಸಂಬಳ ಬಂದಿತು.

ಪಟಾಲಂ 1865ರ ಆಗಸ್ಟಿನಲ್ಲಿ ವಿಸರ್ಜನೆಯಾಯಿತು. ಕಾರ್ನಿಗೆ ಪದಕ ಬಂದದ್ದು 1900ರಲ್ಲಿ, ಮೂವತ್ತೇಳು ವರ್ಷಗಳ ಮೇಲೆ. ಬಾಸ್ಟನ್ನಿನಲ್ಲಿ ಸೇಂಟ್ ಗಾಡೆನ್ಸ್ ಕಡೆದ ಸ್ಮಾರಕ 1897ರಲ್ಲಿ ಅನಾವರಣಗೊಂಡಾಗ, ತತ್ತ್ವಜ್ಞಾನಿ ವಿಲಿಯಂ ಜೇಮ್ಸ್ ಭಾಷಣ ಮಾಡಿದ. ಆದರೆ ಅದರ ಮೇಲೆ ಕೆತ್ತಿದ್ದು ಮಡಿದ ಬಿಳಿಯ ಅಧಿಕಾರಿಗಳ ಹೆಸರುಗಳನ್ನು ಮಾತ್ರ. ಕರಿಯ ಸಿಪಾಯಿಗಳ ಹೆಸರುಗಳು ಅಲ್ಲಿಗೆ ಸೇರಲು ಮತ್ತೆ ಎಂಟು ದಶಕಗಳು ಬೇಕಾದವು.

ಜೋಳದ ಪಾಳಿಯಲ್ಲಿ ಋಣ ಭಟನದು. ಈ ಪಟಾಲಮಿನ ಲೆಕ್ಕದಲ್ಲಿ ಋಣ ಒಡೆಯನದು. ಹಣದ ಬಾಕಿ 1864ರಲ್ಲಿ ಸಂದಿತು. ಗುಡಿಂಗ್ ಕೇಳಿದ ಪ್ರಶ್ನೆಯ ಬಾಕಿಯನ್ನು ಅವನ ದೇಶ ಬಹುಕಾಲ ಕಂತುಕಂತಾಗಿ ತೀರಿಸುತ್ತ ಬಂದಿತು.