ದೆವ್ವವನ್ನ ತೆಗೆದ ಮೇಲೆ ಹೆದರಿಕೆ ಬಂತು: ಒಂದು ಸ್ಟೂಡೆಂಟ್ ಹಾರರ್ ಫಿಲ್ಮಿನ ಎಡಿಟಿಂಗ್ ಕಥೆ

ಹೋದ ಸಲ ಬಾಡಿಗೆ ಕ್ಯಾಮೆರಾ ಬಗ್ಗೆ ಮಾತಾಡಿದಾಗ ನಿಮ್ಮಲ್ಲಿ ಸುಮಾರು ಜನ ಒಂದೇ ಪ್ರಶ್ನೆ ಕೇಳಿದ್ರಿ: "ಶೂಟಿಂಗ್ ಮುಗೀತು, ಈಗ ಈ ರಾಶಿ ಕ್ಲಿಪ್ ಇಟ್ಕೊಂಡು ಏನು ಮಾಡೋದು?" ಅದಕ್ಕೇ ಇವತ್ತು ಎಡಿಟಿಂಗ್. ಥಿಯರಿ ಹೇಳೋಕೆ ಹೋಗಲ್ಲ. ನಮ್ಮ ಮನೆಯಲ್ಲೇ ನಡೆದ ಒಂದು ಕೆಲಸ ಹೇಳ್ತೀನಿ, ನಾನು ಮಾಡಿದ ತಪ್ಪುಗಳನ್ನೂ ಸೇರಿಸಿ.

ನಾನು ಮುಂಬೈಗೆ ಬಂದು ಇಪ್ಪತ್ತು ವರ್ಷ ದಾಟಿತು. ಟೀವಿ ಪ್ರೋಮೋ ಎಡಿಟ್ ಮಾಡೋದು ಹೊಟ್ಟೆಪಾಡು. ಮೂವತ್ತು ಸೆಕೆಂಡಿನಲ್ಲಿ ಏಳೆಂಟು ಸಲ ಢಂ ಅನ್ನಿಸೋ ಕೆಲಸ. ಅಕ್ಕನ ಮನೆ ಡೊಂಬಿವಲಿಯಲ್ಲಿ. ಅಕ್ಕನ ಮಗಳು ಇಲ್ಲೇ ಒಂದು ಕಾಲೇಜಿನಲ್ಲಿ ಮಾಸ್ ಮೀಡಿಯಾ ಓದ್ತಾಳೆ. ಕೊನೆ ವರ್ಷದ ಪ್ರಾಜೆಕ್ಟಿಗೆ ಹಾರರ್ ಶಾರ್ಟ್ ಫಿಲ್ಮ್ ಮಾಡಿದ್ಲು. ಲೊಕೇಶನ್ ಅವರದೇ ಒನ್ ಬಿಎಚ್‌ಕೆ, ಕ್ಯಾಮೆರಾ ಎರಡು ರಾತ್ರಿಯ ಬಾಡಿಗೆಗೆ, ಒಟ್ಟು ಖರ್ಚು 11,500 ರೂಪಾಯಿ, ವಡಾಪಾವ್ ಲೆಕ್ಕ ಹಿಡಿದು. ಒಂದು ಭಾನುವಾರ ಹಾರ್ಡ್ ಡಿಸ್ಕ್ ತಂದು ನನ್ನ ಟೇಬಲ್ ಮೇಲಿಟ್ಟು, "ಮಾಮಾ, ನಾಕ ದಿನದಾಗ ಮುಗಿಸಿ ಕೊಡು" ಅಂದ್ಲು. ಆರು ವಾರ ಹಿಡೀತು.

ಮೊದಲು ಕಥೆ ಕೇಳಿ, ಇಲ್ಲದಿದ್ರೆ ಮುಂದಿನದು ಅರ್ಥ ಆಗಲ್ಲ. ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ, ಬೇರೆ ಊರುಗಳಲ್ಲೂ, ಮನೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೀತಿದ್ದದ್ದು ನಿಮಗೆ ನೆನಪಿರಬಹುದು. ರಾತ್ರಿ ದೆವ್ವ ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತೆ. ಬಾಗಿಲು ತೆಗೆದರೆ ಕಥೆ ಮುಗೀತು. ಬಾಗಿಲ ಮೇಲಿನ ಬರಹ ಓದಿದರೆ ನಾಳೆ ಬರೋಣ ಅಂತ ವಾಪಸ್ ಹೋಗುತ್ತೆ. ಅಕ್ಕ ಇದನ್ನ ಹುಬ್ಬಳ್ಳಿಯಿಂದ ಮುಂಬೈಗೆ ತಂದು ಮಗಳಿಗೆ ಹೇಳಿದ್ಲು. ಮಗಳು ಅದನ್ನೇ ಸಿನಿಮಾ ಮಾಡಿದ್ಲು. ಅಮ್ಮ ಊರಿಗೆ ಹೋಗಿದ್ದಾಳೆ, ಹುಡುಗಿ ಒಬ್ಬಳೇ ಮನೆಯಲ್ಲಿ. ಮಧ್ಯರಾತ್ರಿ ಬಾಗಿಲು ಬಡಿಯುತ್ತೆ. ಹೊರಗಿನಿಂದ ಅಮ್ಮನ ದನಿ: "ಬಾಗಲಾ ತಗಿಯವ್ವಾ, ನಾ ಬಂದೀನಿ." ಹುಡುಗಿ ಬಾಗಿಲ ಕಿಂಡಿಯಲ್ಲಿ ಇಣುಕಿದ್ರೆ ದೆವ್ವ. ಆಮೇಲೆ ಓಡಾಟ, ಕಿರುಚಾಟ, ಕೊನೆಗೆ ದೆವ್ವ ಒಳಗೆ.

ದೆವ್ವದ ಪಾತ್ರ ಮಾಡಿದ್ದು ಅವಳ ಕ್ಲಾಸಿನ ಒಬ್ಬ ಹುಡುಗ. ಸೀರೆ ಉಡಿಸಿ ಮುಖಕ್ಕೆ ಲೇಟೆಕ್ಸ್ ಹಚ್ಚಿ ನಾಲ್ಕು ಗಂಟೆ ಮೇಕಪ್. ಅಂಟಿನಿಂದ ಕೆನ್ನೆ ತುಂಬ ಗುಳ್ಳೆ ಎದ್ದು ವಾರ ಪೂರ್ತಿ ಕ್ಲಾಸಿಗೆ ಮಾಸ್ಕ್ ಹಾಕ್ಕೊಂಡು ಹೋಗಿದ್ದನಂತೆ. ಮಗ ಈ ಕೋರ್ಸ್ ತಗೊಂಡಿದ್ದೇ ಅವನ ಅಪ್ಪನಿಗೆ ಇಷ್ಟ ಇರಲಿಲ್ಲ. ಕಾಲೇಜಿನಲ್ಲಿ ಫಿಲ್ಮ್ ತೋರಿಸೋ ದಿನ ಅಪ್ಪ ಅಮ್ಮನ್ನ ಕರ್ಕೊಂಡು ಬರ್ತೀನಿ ಅಂತ ಹೇಳಿಟ್ಟಿದ್ದ.

ಮೊದಲ ಕಟ್ 14 ನಿಮಿಷ ಬಂತು. ನಾನು ಪ್ರೋಮೋ ಮನುಷ್ಯ ಅಲ್ವಾ, ಕೈ ಸುಮ್ಮನಿರಲಿಲ್ಲ. ಬಾಗಿಲು ಬಡಿದ ಕಡೆಯಲ್ಲೆಲ್ಲ ಢಂ, ದೆವ್ವ ಬಂದ ಕಡೆ ಕಿರ್ರ್ ಅಂತ ವಯಲಿನ್, ಎರಡೆರಡು ಸೆಕೆಂಡಿಗೆ ಒಂದು ಕಟ್. ಒಂದು ಸಂಜೆ ಅಕ್ಕನ ಬಿಲ್ಡಿಂಗಿನ ಐದು ಜನರನ್ನ ಕೂರಿಸಿ ಟೀವಿಯಲ್ಲಿ ಹಾಕಿದ್ವಿ. ಇಲ್ಲಿ ಒಂದು ಕಿವಿಮಾತು: ತೋರಿಸಿದ ಮೇಲೆ "ಹೇಗಿತ್ತು" ಅಂತ ಕೇಳಬೇಡಿ. ಮನೆಗೆ ಕರೆದು ಚಹಾ ಕೊಟ್ಟವರಿಗೆ ಯಾರೂ ಕೆಟ್ಟದಾಗಿತ್ತು ಅನ್ನಲ್ಲ. ಟೀವಿ ನೋಡೋದು ಬಿಟ್ಟು ಅವರ ಮುಖ ನೋಡಿ. ಯಾವ ಜಾಗದಲ್ಲಿ ಫೋನ್ ತೆಗೀತಾರೆ, ಎಲ್ಲಿ ಉಸಿರು ಹಿಡೀತಾರೆ, ಟೈಮ್ ಬರ್ಕೊಳ್ಳಿ. ನಮ್ಮವರು ಮೂರನೇ ನಿಮಿಷಕ್ಕೆ ಫೋನ್ ತೆಗೆದರು. ದೆವ್ವ ಬಂದಾಗ ತಲೆ ಎತ್ತಿದರು. ಪಕ್ಕದ ಮನೆ ಮರಾಠಿ ಆಜಿ ಕನ್ನಡಕ ಸರಿ ಮಾಡ್ಕೊಂಡು, "ಹಿಲಾ ತಾಪ್ ಆಲಾಯ್ ಕಾ?" ಅಂದ್ರು. ಇವಳಿಗೆ ಜ್ವರ ಬಂದಿದೆಯಾ ಅಂತ. ಎಲ್ಲರೂ ನಕ್ಕರು. ಸೊಸೆ ಎದ್ದು ಅಡುಗೆಮನೆಗೆ ಹೋದ್ಲು.

ಅವತ್ತು ರಾತ್ರಿ ನಾನು ದೆವ್ವದ ಶಾಟ್‌ಗಳನ್ನೆಲ್ಲ ತೆಗೆಯೋಣ ಅಂದೆ. "ದೆವ್ವ ಇಲ್ಲದ ಹಾರರ್ ಹೆಂಗ ಆಗ್ತದ ಮಾಮಾ?" ಅಂತ ಅವಳು. ನಾನು ಎಲ್ಲರೂ ಹೇಳೋ 'ಜಾಸ್' ಕಥೆ ಹೇಳಿದೆ. 1975ರ ಸಿನಿಮಾ, ಯಂತ್ರದ ಶಾರ್ಕ್ ಸಮುದ್ರದ ನೀರಲ್ಲಿ ಪದೇ ಪದೇ ಕೆಟ್ಟುಹೋಗ್ತಿತ್ತು, ಹಾಗಾಗಿ ಶಾರ್ಕ್ ಕಾಣೋದೇ ಎಷ್ಟೋ ಹೊತ್ತಿನ ಮೇಲೆ, ಎಡಿಟರ್ ವರ್ನಾ ಫೀಲ್ಡ್ಸ್‌ಗೆ ಆಸ್ಕರ್ ಬಂತು. ಅವಳು ಸುಮ್ಮನೆ ಬಿಡೋಳಲ್ಲ. ಫೋನಿನಲ್ಲಿ 'ಲೈಟ್ಸ್ ಔಟ್' ಹಾಕಿ ಮುಂದೆ ಹಿಡಿದ್ಲು. ಡೇವಿಡ್ ಸ್ಯಾಂಡ್‌ಬರ್ಗ್ 2013ರಲ್ಲಿ ಹೆಂಡತಿಯನ್ನೇ ನಟಿ ಮಾಡಿ ಮನೆಯಲ್ಲೇ ತೆಗೆದ ಫಿಲ್ಮ್, ಮೂರು ನಿಮಿಷಕ್ಕೂ ಕಡಿಮೆ. ಅದರಲ್ಲಿ ದೆವ್ವ ಕಾಣುತ್ತೆ, ಚೆನ್ನಾಗಿಯೇ ಕಾಣುತ್ತೆ.

ಮಾತು ಸರಿ. ದೆವ್ವ ತೋರಿಸಬಾರದು ಅಂತ ಯಾವ ಕಾನೂನೂ ಇಲ್ಲ. ಆದರೆ ಆ ಫಿಲ್ಮನ್ನ ನಾಲ್ಕು ಸಲ ನೋಡಿದ ಮೇಲೆ ನನಗೆ ಹೊಳೆದದ್ದು ಬೇರೆ. ಅಲ್ಲಿ ಮೊದಲು ಒಂದು ನಿಯಮ ಹಾಕ್ತಾರೆ: ಲೈಟ್ ಆರಿಸಿದರೆ ಆಕೃತಿ ಇರುತ್ತೆ, ಹಾಕಿದರೆ ಇರಲ್ಲ. ಸ್ವಿಚ್ಚನ್ನ ಎರಡು ಮೂರು ಸಲ ಒತ್ತಿಸಿ ನಮಗೆ ಅದು ಬಾಯಿಪಾಠ ಆಗೋ ಹಾಗೆ ಮಾಡ್ತಾರೆ. ಬೆಳಕು ಇದ್ದರೆ ಬಚಾವ್ ಅಂತ ನಾವು ನಂಬಿದ ಮೇಲೆ, ಆ ನಂಬಿಕೆಯನ್ನ ಕೊನೆಯಲ್ಲಿ ಮುರೀತಾರೆ. ನಮ್ಮ ಕಥೆಯಲ್ಲೂ ನಿಯಮ ಇತ್ತು: "ನಾಳೆ ಬಾ" ಬರೆದಿದ್ರೆ ಅದು ಒಳಗೆ ಬರಲ್ಲ. ಕಿಂಡಿಯಲ್ಲಿ ದೆವ್ವದ ಮುಖ ಕಂಡರೆ ಆ ನಿಯಮ ಮುರಿಯಲ್ಲ. ದೆವ್ವ ಹೊರಗೇ ಇದೆ, ಇರಬೇಕಾದ ಜಾಗದಲ್ಲೇ ಇದೆ. ಹಾಗಾಗಿ ಹೆದರಿಕೆ ಇಲ್ಲ, ಬರೀ ಮೇಕಪ್. ಕೊನೆಗೆ ಒಳಗೆ ಬರುತ್ತೆ, ನಿಜ, ಆದರೆ ಬರಹಕ್ಕೆ ಏನಾಯ್ತು ಅಂತ ಯಾರೂ ಹೇಳಲ್ಲ.

ಹಾಗಾದ್ರೆ ನಿಯಮ ಮುರಿಯೋ ಶಾಟ್ ನಮ್ಮ ಹತ್ರ ಇದೆಯಾ? ಇರಲಿಲ್ಲ. ಇನ್ನೊಮ್ಮೆ ಶೂಟ್ ಮಾಡೋಕೆ ದುಡ್ಡೂ ಇರಲಿಲ್ಲ.

ಸಿಕ್ಕಿದ್ದು ಎನ್‌ಜಿ ಟೇಕ್‌ಗಳಲ್ಲಿ, ಅಂದ್ರೆ ಬೇಡ ಅಂತ ಪಕ್ಕಕ್ಕಿಟ್ಟಿದ್ದರಲ್ಲಿ. ಹುಡುಗಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಿರೋ ಶಾಟ್‌ನ ಮೂರನೇ ಟೇಕ್. ಅವಳು ಉಸಿರು ಬಿಡ್ತಾಳೆ, ಅಷ್ಟರಲ್ಲಿ ಪಕ್ಕದ ಮನೆಯ ಕುಕ್ಕರ್ ಸೀಟಿ ಹೊಡೀತು. ಅವಳ ಕಣ್ಣು ಮೊದಲು ಅಡುಗೆಮನೆ ಕಡೆ ಹೋಯ್ತು, ಆಮೇಲೆ ಕತ್ತು. ಒಂಬತ್ತು ಫ್ರೇಮ್ ಆದ ಮೇಲೆ ಸೊಸೆಯ ದನಿ: "ಕಟ್! ಅಯ್ಯೋ, ಮತ್ತೆ ಕುಕ್ಕರ್." ನಾನು ಆ ಕ್ಲಿಪ್ಪನ್ನ ಹತ್ತು ಸಲ ಓಡಿಸಿದೆ. ಆ ಹುಡುಗಿ ಇಡೀ ಫಿಲ್ಮಿನಲ್ಲಿ ನಟನೆ ಮಾಡದೇ ಇದ್ದದ್ದು ಅಲ್ಲೊಂದೇ ಕಡೆ. ಕಥೆಯಲ್ಲಿ ರಾತ್ರಿ ಎರಡೂವರೆ. ಅಮ್ಮ ಊರಲ್ಲಿ. ಬಾಗಿಲು ಹಾಕಿದೆ. ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ.

ಸೊಸೆಗೆ ಫೋನ್ ಮಾಡಿದಾಗ ರಾತ್ರಿ ಒಂದು ಗಂಟೆ. ಆಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಮಾಮಾ, ಈಗ ನಾ ಒಬ್ಬಾಕಿನ ಇದೀನಿ ಮನ್ಯಾಗ, ಇದನ್ನೆಲ್ಲಾ ಈಗ ಹೇಳಬ್ಯಾಡ" ಅಂದ್ಲು.

ಅಲ್ಲಿಂದ ನಿಜವಾದ ಕೆಲಸ ಶುರು. ಕೊನೆ ಸಿಕ್ಕಿದ ಮೇಲೆ ಮೊದಲನ್ನ ಅದಕ್ಕೆ ತಕ್ಕ ಹಾಗೆ ತಿದ್ದಬೇಕು. ಕುಕ್ಕರ್ ಖಾಲಿ ಇದೆ, ಗ್ಯಾಸ್ ಆಫ್ ಆಗಿದೆ ಅನ್ನೋದು ನೋಡೋರಿಗೆ ಮುಂಚೆಯೇ ಗೊತ್ತಿರಬೇಕು, ಆದರೆ ಅದನ್ನ ಒತ್ತಿ ಹೇಳಿದ ಹಾಗೆ ಇರಬಾರದು. ಒಂದು ಹೊಸ ಶಾಟ್ ಬೇಕಾಯ್ತು: ಹುಡುಗಿ ಕುಕ್ಕರ್ ತೊಳೆದು ಬೋರಲು ಹಾಕ್ತಾಳೆ, ಸಿಲಿಂಡರ್ ರೆಗ್ಯುಲೇಟರ್ ತಿರುಗಿಸಿ ಬಂದ್ ಮಾಡ್ತಾಳೆ. ಫೋನಿನಲ್ಲಿ ತೆಗೆದ್ವಿ. ಫೋನ್ ಶಾಟ್ ಸೇರಿಸೋರು ಮೂರು ವಿಷಯ ನೋಡ್ಕೊಳ್ಳಿ. ಫ್ರೇಮ್ ರೇಟ್ ಮೊದಲಿನ ಕ್ಯಾಮೆರಾದ್ದೇ ಇರಲಿ, ನಮ್ಮದು 25. ಶಟರ್ 1/50 ಇಡಿ. ನಮ್ಮ ದೇಶದ ಕರೆಂಟು 50 ಹರ್ಟ್ಜ್, ಅದಕ್ಕೆ ಹೊಂದದ ಶಟರ್ ಇಟ್ಟರೆ ಟ್ಯೂಬ್‌ಲೈಟ್ ಮಿಣಿಮಿಣಿ ಅನ್ನಬಹುದು. ಎಕ್ಸ್‌ಪೋಷರ್ ಲಾಕ್ ಮಾಡಿ, ಇಲ್ಲದಿದ್ರೆ ಕೈ ಅಡ್ಡ ಬಂದಾಗಲೆಲ್ಲ ಫೋನ್ ತಾನೇ ಬೆಳಕು ಏರಿಸಿ ಇಳಿಸಿ ಮಾಡುತ್ತೆ.

ಇನ್ನೊಂದು ತೊಡಕು ಭಾಷೆಯದು. ಬಾಗಿಲ ಮೇಲೆ ಕನ್ನಡದಲ್ಲಿ ಬರೆದದ್ದನ್ನ ಅವಳ ಕಾಲೇಜಿನಲ್ಲಿ ಓದೋರು ಯಾರು? ಅದನ್ನ ವಿವರಿಸೋಕೆ ಅಂತ ಅಮ್ಮನ ಫೋನ್ ಸೀನ್ ಒಂದಿತ್ತು, ಒಂದು ನಿಮಿಷ ಐವತ್ತು ಸೆಕೆಂಡ್. ದೆವ್ವದ ಇತಿಹಾಸ ಪೂರ್ತಿ ಅದರಲ್ಲಿತ್ತು. ಅದನ್ನ ಇಪ್ಪತ್ತೆರಡು ಸೆಕೆಂಡಿಗೆ ಇಳಿಸಿದ್ವಿ. ಅಮ್ಮ ಫೋನಿನಲ್ಲಿ "ಬಾಗಲ ಮ್ಯಾಲೆ ಬರದೀಯಿಲ್ಲೋ?" ಅಂತಾಳೆ, ಮಗಳು ನಗ್ತಾ ಚಾಕ್‌ಪೀಸ್ ತಗೊಂಡು ಬರೀತಾಳೆ, "ಬರದೆ, ಇನ್ನ ಅದು ಒಳಗ ಬರಂಗಿಲ್ಲ, ಖುಷಿ ಆತಾ?" ಅಂತಾಳೆ. ಸಾಕು. ಸಬ್‌ಟೈಟಲ್‌ನಲ್ಲಿ ಎಡವಟ್ಟಾಯ್ತು. ಹೊರಗಿನ ದನಿ ಕೇಳಿಸೋಕೆ ಮುಂಚೆ, ಅರ್ಧ ಸೆಕೆಂಡ್ ಮುಂದಾಗಿ, ಅಕ್ಷರ ಬಂದುಬಿಡ್ತಿತ್ತು. ಕಣ್ಣು ಕಿವಿಗಿಂತ ಮೊದಲು ಓದಿ ಮುಗಿಸುತ್ತೆ. ಹೆದರಿಕೆ ಅಲ್ಲೇ ಸೋರಿಹೋಗುತ್ತೆ. ಹಾರರ್‌ನಲ್ಲಿ ಸಬ್‌ಟೈಟಲ್ ದನಿಯ ಹಿಂದೆ ಬರಲಿ, ಮುಂದೆ ಬೇಡ.

ಶಾಟ್‌ನ ಉದ್ದದ ಬಗ್ಗೆ ನನ್ನ ಹಳೇ ಚಟ ಬಿಡೋಕೇ ಹೆಚ್ಚು ಕಷ್ಟ ಆಗಿದ್ದು. ಹುಡುಗಿ ಕತ್ತಲೆ ಹಾಲ್‌ನಲ್ಲಿ ನಿಂತ ಶಾಟ್‌ಗೆ ನಾನು ಎರಡು ಸೆಕೆಂಡ್ ಕೊಟ್ಟಿದ್ದೆ. ಐದೂವರೆ ಸೆಕೆಂಡ್ ಮಾಡಿದಾಗ ಆದದ್ದು ನೋಡಿ: ಮೊದಲ ಒಂದೆರಡು ಸೆಕೆಂಡ್ ನಮ್ಮ ಕಣ್ಣು ಅವಳ ಮುಖದ ಮೇಲಿರುತ್ತೆ. ಅಲ್ಲಿ ಹೊಸದೇನೂ ಇಲ್ಲ ಅಂತಾದ ಮೇಲೆ ಅದು ಅವಳ ಹಿಂದಿನ ಕತ್ತಲೆಯಲ್ಲಿ ಹುಡುಕೋಕೆ ಶುರು ಮಾಡುತ್ತೆ. ಅಲ್ಲಿ ಏನೂ ಇರಲಿಲ್ಲ, ಬಟ್ಟೆ ಒಣಗಿಸೋ ಸ್ಟ್ಯಾಂಡ್ ಬಿಟ್ಟರೆ. ಎರಡನೇ ಸಲ ತೋರಿಸಿದಾಗ ಆ ಸ್ಟ್ಯಾಂಡ್ ನೋಡಿ ಇಬ್ಬರು ಕಾಲು ಮೇಲೆ ಎಳ್ಕೊಂಡ್ರು.

ಸೌಂಡ್‌ಗೆ ಒಂದು ವಾರ ಹೋಯ್ತು, ಹೋಗಲೇಬೇಕು. ಕೆಲವು ಟೇಕ್‌ನಲ್ಲಿ ಫ್ರಿಜ್ ಆನ್, ಕೆಲವದರಲ್ಲಿ ಆಫ್. ಕಟ್ ಆದಾಗೆಲ್ಲ ಹಿನ್ನೆಲೆ ಸದ್ದು ಜಿಗೀತಿತ್ತು. ಯಾರೂ ಮಾತಾಡದೆ ಆ ಕೋಣೆಯ ಸದ್ದನ್ನ ಮೂವತ್ತು ಸೆಕೆಂಡ್ ರೆಕಾರ್ಡ್ ಮಾಡಿಟ್ಕೊಂಡಿದ್ರೆ ಎಲ್ಲದರ ಅಡಿಯಲ್ಲಿ ಹಾಸಬಹುದು. ಅವರು ಮಾಡಿರಲಿಲ್ಲ, ನಾನು ಹೋಗಿ ಮಾಡ್ಕೊಂಡು ಬಂದೆ. ಶೂಟಿಂಗಿಗೆ ಫ್ರಿಜ್ ಆರಿಸಿದಾಗ ನಿಮ್ಮ ಗಾಡಿ ಕೀ ಫ್ರಿಜ್ ಒಳಗಿಡಿ ಅನ್ನೋದು ಸೌಂಡಿನವರ ಹಳೇ ಉಪಾಯ. ಮನೆಗೆ ಹೊರಡುವಾಗ ಕೀ ಹುಡುಕ್ತೀರಿ, ಫ್ರಿಜ್ ಮತ್ತೆ ಹಾಕೋದು ನೆನಪಾಗುತ್ತೆ. ಢಂ ಗಿಂ ಎಲ್ಲ ತೆಗೆದೆ. ಕುಕ್ಕರ್ ಸೀಟಿಯನ್ನ ಅದೇ ಮನೆಯಲ್ಲಿ ಮತ್ತೆ ರೆಕಾರ್ಡ್ ಮಾಡಿದ್ವಿ, ಕುಕ್ಕರ್ ಅಡುಗೆಮನೆಯಲ್ಲಿ, ಮೈಕ್ ಹಾಲ್‌ನಲ್ಲಿ. ಸೀಟಿಗೆ ನಾಲ್ಕು ಸೆಕೆಂಡ್ ಮುಂಚೆಯಿಂದ ಫ್ರಿಜ್‌ನ ಗುಂಯ್ ಸದ್ದನ್ನ ಮೆಲ್ಲಗೆ ಇಳಿಸ್ತಾ ಬಂದೆ. ಯಾರಿಗೂ ಗೊತ್ತಾಗಲ್ಲ, ಆದರೆ ಕಿವಿ ಚುರುಕಾಗುತ್ತೆ. ಮೊದಲು ಬರೀ ಸ್ಸ್ಸ್ ಅಂತ ಹಬೆ, ಅವಳ ಕಣ್ಣು ಹೊರಳುತ್ತೆ, ಸೀಟಿ, ಕತ್ತು ತಿರುಗುತ್ತೆ, ಒಂಬತ್ತನೇ ಫ್ರೇಮಿಗೆ ಕಪ್ಪು. ಸೊಸೆಯ "ಕಟ್" ಇದ್ದ ಜಾಗದಲ್ಲೇ ಕಟ್.

ಕಲರ್ ವಿಷಯ ಚಿಕ್ಕದಾಗಿ ಹೇಳ್ತೀನಿ. ಕತ್ತಲೆ ಸೀನಿನಲ್ಲಿ ಕಾಳು ಕಾಳು ಕಂಡರೆ ಬೆಳಕು ಏರಿಸಿ ಸರಿ ಮಾಡೋಕೆ ಹೋಗಬೇಡಿ, ಕಾಳೂ ಏರುತ್ತೆ. ಕಪ್ಪನ್ನ ಇನ್ನಷ್ಟು ಇಳಿಸಿ. ಆನ್‌ಲೈನ್ ಹಾಕಿದಾಗ ಕಪ್ಪು ಜಾಗದಲ್ಲಿ ಪಟ್ಟೆ ಪಟ್ಟೆ ಬಂದರೆ ಸ್ವಲ್ಪ ಗ್ರೇನ್ ಸೇರಿಸಿ ಎಕ್ಸ್‌ಪೋರ್ಟ್ ಮಾಡಿ. ಡಾವಿಂಚಿ ರಿಸಾಲ್ವ್‌ನ ಫ್ರೀ ವರ್ಷನ್ ಇದಕ್ಕೆಲ್ಲ ಸಾಕಾಗುತ್ತೆ.

ಫಿಲ್ಮ್ ಆರು ನಿಮಿಷ ನಲವತ್ತು ಸೆಕೆಂಡಿಗೆ ನಿಂತಿತು. ದೆವ್ವದ ಒಂದು ಫ್ರೇಮೂ ಇಲ್ಲ.

ಆ ಹುಡುಗನಿಗೆ ಯಾರು ಹೇಳೋದು? ನೀನೇ ಎಡಿಟರ್, ನೀನೇ ಹೇಳು ಅಂತ ಸೊಸೆ. ಡೈರೆಕ್ಟರ್ ನೀನು ಅಂತ ನಾನು. ಹತ್ತು ದಿನ ತಳ್ಳಿದ್ವಿ, ಅದು ತಪ್ಪು. ನಟರನ್ನ ತೆಗೆದಿದ್ರೆ ಸ್ಕ್ರೀನಿಂಗ್‌ಗೆ ಮುಂಚೆ, ಮುಖ ನೋಡಿ ಹೇಳಬೇಕು. ಕೊನೆಗೆ ಅವಳೇ ಅವನನ್ನ ನಮ್ಮ ಮನೆಗೆ ಕರ್ಕೊಂಡು ಬಂದ್ಲು. ಫಿಲ್ಮ್ ಹಾಕಿದ್ವಿ. ಮುಗಿದ ಮೇಲೆ ಅವನು ಕೆನ್ನೆ ಸವರಿಕೊಂಡ, ಗುಳ್ಳೆ ಎದ್ದಿದ್ದ ಕಡೆ. "ಚೆನ್ನಾಗಿದೆ" ಅಂತ ಹಿಂದಿಯಲ್ಲಿ ಅಂದ. ಆಮೇಲೆ, "ಬಾಗಿಲು ಬಡಿಯೋ ಸದ್ದು ಮಾತ್ರ ಸುಳ್ಳು ಅನ್ಸುತ್ತೆ" ಅಂದ. ನಿಜವೇ, ಅದು ಎಲ್ಲಿಂದಲೋ ಡೌನ್‌ಲೋಡ್ ಮಾಡಿದ್ದು. ನಾನು ಮೈಕ್ ತೆಗೆದೆ. ಅವನು ನಮ್ಮ ಮನೆ ಬಾಗಿಲ ಹೊರಗೆ ನಿಂತು ಒಂದು ಗಂಟೆ ಬಡಿದ: ಬೆರಳ ಗೆಣ್ಣಿನಿಂದ, ಅಂಗೈಯಿಂದ, ಉಗುರಿನಿಂದ. ಎದುರು ಮನೆಯವರು ಎರಡು ಸಲ ಬಾಗಿಲು ತೆಗೆದು ನೋಡಿದರು. ಫಿಲ್ಮಿನಲ್ಲಿರೋದು ಉಗುರಿನದು.

ಸ್ಕ್ರೀನಿಂಗ್ ದಿನ ಅವನ ಅಪ್ಪ ಅಮ್ಮ ಬಂದಿದ್ರು. ನಾನು ಅವರ ಹಿಂದಿನ ಸಾಲಿನಲ್ಲಿದ್ದೆ. ಕ್ಲಾಸ್‌ರೂಮ್ ಪ್ರೊಜೆಕ್ಟರ್, ಪರದೆ ಸರಿಯಾಗಿ ಮುಚ್ಚಿರಲಿಲ್ಲ, ನಾವು ಇಳಿಸಿದ ಕಪ್ಪೆಲ್ಲ ಬೂದಿ ಬಣ್ಣ. ಸೀಟಿ ಹೊಡೆದಾಗ ಹಿಂದೆ ಒಂದಿಬ್ಬರು ನಕ್ಕರು, ಉಳಿದವರು ನಗಲಿಲ್ಲ. ದೀಪ ಹತ್ತಿದ ಮೇಲೆ ಅಮ್ಮ ಮಗನನ್ನ ಕೇಳಿದ್ರು, ನೀನು ಎಲ್ಲಿದ್ದೆ ಅಂತ. ಅವನು ಮುಂದಿನ ಬೆಂಚಿನ ಮೇಲೆ ಉಗುರಿನಿಂದ ಮೂರು ಸಲ ಬಡಿದು ತೋರಿಸಿದ. ಅಪ್ಪ ಏನೂ ಅನ್ನಲಿಲ್ಲ. ಹೊರಗೆ ಚಹಾ ಕುಡೀತಾ ನಿಂತಿದ್ದಾಗ ನನ್ನ ಹತ್ರ ಬಂದು ಕೇಳಿದ್ರು: "ಅದೆಲ್ಲಾ ಸರಿ, ಕುಕ್ಕರ್ ಇಟ್ಟಿದ್ದು ಯಾರು?"

ಗೊತ್ತಿಲ್ಲ ಅಂದೆ.