ಸುಳ್ಳು ಹೇಳೋಕೆ ಬರದ ಫೇರಿಗಳು ಮೋಸ ಮಾಡೋದು ಹೇಗೆ?

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಹೋಗ್ತಾ ಇದ್ರೆ ಒಂದು ಕೆಲಸ ಮಾಡಿ. ಸುತ್ತ ಎಷ್ಟು ಕಬ್ಬಿಣ ಇದೆ ಅಂತ ಒಂದ್ಸಲ ನೋಡಿ. ಹಳಿ, ಕಂಬಿ, ಕಿಟಕಿ ಸರಳು, ಸೀಟಿನ ಚೌಕಟ್ಟು. ಇವತ್ತಿನ ಎಪಿಸೋಡಿನ ಲೆಕ್ಕದಲ್ಲಿ ನೀವು ಸೇಫ್.

ವಿಷಯ ಫೇರಿಗಳದ್ದು. ರೆಕ್ಕೆ, ಮಂತ್ರದಂಡ, ಮಿನುಗೋ ಪುಡಿ, ಇದೆಲ್ಲ ಮಕ್ಕಳ ಸಿನಿಮಾದ ಫೇರಿ. ಸ್ಕಾಟ್ಲೆಂಡ್, ಐರ್ಲೆಂಡಿನ ಹಳ್ಳಿಗಳ ಹಳೇ ಕಥೆಗಳಲ್ಲಿ ಫೇರಿ ಅಂದ್ರೆ ಭಯ. ಮನುಷ್ಯರ ಪಕ್ಕದಲ್ಲೇ, ಕಣ್ಣಿಗೆ ಕಾಣದ ಹಾಗೆ ಬದುಕೋ ಇನ್ನೊಂದು ಜನ. ಹೆಸರು ಹಿಡಿದು ಕರೆದರೆ ಬಂದುಬಿಡ್ತಾರೆ ಅಂತ ‘ಒಳ್ಳೆ ಜನ’ ಅಂತ ಸುತ್ತುಬಳಸಿ ಹೇಳ್ತಿದ್ರು. ನಮ್ಮ ಕಡೆ ರಾತ್ರಿ ಹೊತ್ತು ಹಾವು ಅನ್ನದೆ ‘ಹುಳ’ ಅಂತಾರಲ್ಲ, ಹಾಗೆ.

ಈ ಭಯವನ್ನು ಇಂಗ್ಲಿಷ್ ಲೇಖಕರು ಕಾಡಿನಿಂದ ಎತ್ತಿ ನಗರಕ್ಕೆ ತಂದ್ರು. 1987ರಲ್ಲಿ ಎಮ್ಮಾ ಬುಲ್ ‘ವಾರ್ ಫಾರ್ ದಿ ಓಕ್ಸ್’ ಬರೆದರು. ಅಮೆರಿಕದ ಮಿನಿಯಾಪೊಲಿಸ್ ನಗರ, ಅಲ್ಲೊಬ್ಬಳು ರಾಕ್ ಗಾಯಕಿ. ಫೇರಿಗಳ ಎರಡು ಬಣಗಳ ಯುದ್ಧಕ್ಕೆ ಅವಳೇ ಬೇಕು. ಯಾಕಂದ್ರೆ ಮನುಷ್ಯರೊಬ್ಬರು ರಣರಂಗದಲ್ಲಿ ಇದ್ದರೆ ಮಾತ್ರ ಫೇರಿಗಳು ನಿಜವಾಗಿ ಸಾಯೋದು. ನಮ್ಮ ಸಾವು ಅವರಿಗೆ ಕಡ ಹೋಗುತ್ತೆ! 2002ರಲ್ಲಿ ಹಾಲಿ ಬ್ಲ್ಯಾಕ್ ಅವರ ‘ಟೈದ್’ ಬಂತು, ಅದು ಹದಿಹರೆಯದವರಿಗೇ ಬರೆದಿದ್ದು. 2007ರ ‘ವಿಕೆಡ್ ಲವ್ಲಿ’, ಮೆಲಿಸಾ ಮಾರ್ ಬರೆದಿದ್ದು. ಅದರಲ್ಲಿ ಸೇತ್ ಅನ್ನೋ ಹುಡುಗ ಹಳೇ ರೈಲು ಬೋಗಿಯಲ್ಲಿ ವಾಸ ಮಾಡ್ತಾನೆ. ಉಕ್ಕಿನ ಗೋಡೆ ಇರೋದ್ರಿಂದ ಫೇರಿಗಳು ಹತ್ತಿರ ಸುಳಿಯಲ್ಲ, ನಾಯಕಿ ಐಸ್ಲಿನ್‌ಗೆ ನೆಮ್ಮದಿಯಾಗಿ ಕೂರೋಕೆ ಅದೇ ಜಾಗ. ಕಬ್ಬಿಣ ಫೇರಿಗಳನ್ನ ಸುಡುತ್ತೆ ಅನ್ನೋದು ಹಳೇ ನಂಬಿಕೆ. ಬಾಣಂತಿ ದಿಂಬಿನ ಕೆಳಗೆ ಕತ್ತಿ ಇಡೋ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಜೂಲಿ ಕಗಾವಾ 2010ರ ‘ದಿ ಐರನ್ ಕಿಂಗ್’ನಲ್ಲಿ ಇದನ್ನೇ ತಿರುಗಿಸಿಟ್ಟರು: ಮನುಷ್ಯರ ಯಂತ್ರದ ಕನಸುಗಳಿಂದಲೇ ಕಬ್ಬಿಣದ ಫೇರಿಗಳು ಹುಟ್ಟಿ ಹಳೇ ಫೇರಿಲೋಕಕ್ಕೆ ವಿಷವಾಗುತ್ತವೆ.

ಆದರೆ ನನ್ನನ್ನ ಹಿಡಿದಿದ್ದು ಇನ್ನೊಂದು ನಿಯಮ. ಈ ಬಹುತೇಕ ಕಥೆಗಳಲ್ಲಿ ಫೇರಿಗಳಿಗೆ ಸುಳ್ಳು ಹೇಳೋಕೇ ಆಗಲ್ಲ. ಬಾಯಿಂದ ಬರೋದೇ ಇಲ್ಲ. ಹಾಗಾದ್ರೆ ಅವರ ಜೊತೆ ವ್ಯವಹಾರ ಸುಲಭ ಅಂದ್ಕೊಂಡ್ರಾ? ಉಲ್ಟಾ. ಪೂರ್ತಿ ನಿಜವನ್ನೇ ಹೇಳಿ ಮುಳುಗಿಸೋದರಲ್ಲಿ ಅವರು ಪಿಎಚ್‌ಡಿ ಮಾಡಿರೋರು.

ನಾನು ಬಿಕಾಂ. ಎರಡನೇ ವರ್ಷದಲ್ಲಿ ಭಾರತೀಯ ಕರಾರು ಕಾಯ್ದೆ, 1872 ಓದಿದ್ದೆ. ಅದರ 17ನೇ ಸೆಕ್ಷನ್ ವಂಚನೆ ಬಗ್ಗೆ. ಅಲ್ಲೊಂದು ಕುದುರೆ ಉದಾಹರಣೆ ಬರುತ್ತೆ, ಕಾಮರ್ಸಿನವರಿಗೆಲ್ಲ ನೆನಪಿರುತ್ತೆ. ಎ ತನ್ನ ಕುದುರೆಯನ್ನ ಬಿಗೆ ಹರಾಜಿನಲ್ಲಿ ಮಾರ್ತಾನೆ. ಕುದುರೆಗೆ ಕುಂದಿದೆ ಅಂತ ಎಗೆ ಗೊತ್ತು, ಬಾಯಿ ಬಿಡಲ್ಲ. ಇದು ವಂಚನೆ ಅಲ್ಲ! ಹೇಳಲೇಬೇಕಾದ ಹೊಣೆ ಇಲ್ಲದಿದ್ದರೆ ಸುಮ್ಮನಿರೋದು ಮೋಸ ಆಗಲ್ಲ. ಎಕ್ಸಾಮಲ್ಲಿ ಇದಕ್ಕೆ ಚೆನ್ನಾಗಿಯೇ ಮಾರ್ಕ್ಸ್ ತಗೊಂಡಿದ್ದೆ.

ಮೂರು ವರ್ಷದ ಹಿಂದೆ ಒಂದು ಆಡಿಯೋ ಕಂಪನಿಯವರು ಫೋನ್ ಮಾಡಿದ್ರು. ನನ್ನ ಹಳೇ ಪಾಡ್‌ಕಾಸ್ಟ್ ಅವರಿಗೆ ಇಷ್ಟ ಆಗಿತ್ತಂತೆ. ‘ಶೋ ಹೆಸರು ಯಾವತ್ತಿದ್ರೂ ನಿಮ್ದೇ’ ಅಂದ್ರು. ಖುಷಿಯಲ್ಲಿ ಸೈನ್ ಹಾಕಿದೆ. ಹೆಸರು ಈಗಲೂ ನಂದೇ. ಆದರೆ ಆ ಹೆಸರಿನಲ್ಲಿ ನಾನು ಮಾತಾಡಿದ 22 ಎಪಿಸೋಡಿನ ಧ್ವನಿ ಅವರದ್ದು, ಒಂಬತ್ತನೇ ಪುಟದ ಪ್ರಕಾರ. ನನ್ನ ಅಜ್ಜಿ ಕಥೆ ಹೇಳಿರೋ ಎಪಿಸೋಡೂ ಅದರಲ್ಲೇ ಇದೆ. ಅಜ್ಜಿ ಈಗಿಲ್ಲ. ಆ ಎಪಿಸೋಡನ್ನ ನಾನು ಈ ಫೀಡಿನಲ್ಲಿ ಹಾಕೋ ಹಾಗಿಲ್ಲ. ಅವರು ನನಗೆ ಒಂದೇ ಒಂದು ಸುಳ್ಳು ಹೇಳಲಿಲ್ಲ. ನಾನು ಕೇಳಲಿಲ್ಲ, ಅಷ್ಟೇ.

ಅದಾದ ಮೇಲೆ ಹಾಲಿ ಬ್ಲ್ಯಾಕ್ ಅವರ ‘ದಿ ಕ್ರುಯಲ್ ಪ್ರಿನ್ಸ್’ (2018) ಓದಿದೆ. ಜೂಡ್ ಅನ್ನೋ ಹುಡುಗಿಗೆ ಏಳು ವರ್ಷ ಇದ್ದಾಗ ಮ್ಯಾಡಕ್ ಅನ್ನೋ ಫೇರಿ ಸೇನಾಪತಿ ಅವಳ ಅಪ್ಪ ಅಮ್ಮನನ್ನ ಕಣ್ಣೆದುರೇ ಕೊಂದು, ಅವಳನ್ನ ಕರ್ಕೊಂಡು ಹೋಗಿ ಮಗಳ ಹಾಗೆ ಸಾಕ್ತಾನೆ. ಫೇರಿಗಳಿಗೆ ಶಕ್ತಿ, ರೂಪ, ಮುಗಿಯದ ಆಯಸ್ಸು ಎಲ್ಲ ಇದೆ. ಜೂಡ್ ಹತ್ತಿರ ಅವರಿಗಿಲ್ಲದ್ದು ಒಂದೇ: ಅವಳಿಗೆ ಸುಳ್ಳು ಹೇಳೋಕೆ ಬರುತ್ತೆ. ಅದಕ್ಕೇ ಅವಳನ್ನ ಗೂಢಚಾರಳನ್ನಾಗಿ ಮಾಡ್ತಾರೆ. ಮುಂದಿನದ್ದು ಹೇಳಲ್ಲ, ಸ್ಪಾಯ್ಲರ್.

ಮಾತಿಗೆ ಕಟ್ಟಿಬೀಳೋ ಅಮಾನುಷರು ನಮ್ಮಲ್ಲೂ ಇದ್ದಾರೆ. 90ರ ದಶಕದಲ್ಲಿ ಬೆಂಗಳೂರಲ್ಲಿ ಬಾಗಿಲ ಮೇಲೆಲ್ಲ ‘ನಾಳೆ ಬಾ’ ಅಂತ ಬರೆದಿದ್ದು ನೆನಪಿದ್ಯಾ? ನಿಮಗಲ್ಲದಿದ್ರೂ ಅಮ್ಮನಿಗೆ ಇರುತ್ತೆ. ಮನೆಯವರ ದನಿಯಲ್ಲಿ ಕರೆಯೋ ದೆವ್ವ ಬರಹ ಓದಿ ವಾಪಸ್ ಹೋಗುತ್ತೆ, ನಾಳೆ ಮತ್ತೆ ಓದುತ್ತೆ. ದೆವ್ವದ ಮೇಲೇ ಷರತ್ತು ಹಾಕಿದ ಜನ ನಾವು. 2018ರ ಹಿಂದಿ ಸಿನಿಮಾ ‘ಸ್ತ್ರೀ’ಯಲ್ಲೂ ಇದೇ ಉಪಾಯ.

ಇನ್ನೊಂದು ವಿಷಯ, ಇದು ತಮಾಷೆಯದಲ್ಲ. ಫೇರಿಗಳು ಮನುಷ್ಯರನ್ನ ಕದ್ದು ಅವರ ಜಾಗದಲ್ಲಿ ಅದೇ ರೂಪದ ಬೇರೊಬ್ಬರನ್ನ ಬಿಟ್ಟು ಹೋಗ್ತಾರೆ ಅನ್ನೋ ನಂಬಿಕೆ ಇತ್ತು. ಇಂಗ್ಲಿಷಿನಲ್ಲಿ ಚೇಂಜ್‌ಲಿಂಗ್. 1895ರ ಮಾರ್ಚ್‌ನಲ್ಲಿ ಐರ್ಲೆಂಡಿನ ಟಿಪ್ಪರೇರಿಯಲ್ಲಿ ಬ್ರಿಜೆಟ್ ಕ್ಲಿಯರಿ ಅನ್ನೋ 26 ವರ್ಷದ ಹೆಂಗಸು ಕಾಯಿಲೆ ಬಿದ್ದಳು. ಬಟ್ಟೆ ಹೊಲಿದು ತಾನೇ ದುಡಿಯುತ್ತಿದ್ದವಳು. ಗಂಡ ಮೈಕೆಲ್, ಇವಳು ನನ್ನ ಹೆಂಡತಿಯೇ ಅಲ್ಲ, ಫೇರಿಗಳು ಬಿಟ್ಟು ಹೋದವಳು ಅಂತ ಹಠ ಹಿಡಿದ. ನೆಂಟರ ಎದುರೇ ಅವಳನ್ನ ಸುಟ್ಟ. ಅವನಿಗೆ 20 ವರ್ಷ ಶಿಕ್ಷೆ ಆಯ್ತು, 15 ವರ್ಷ ಜೈಲಲ್ಲಿದ್ದ.

ಫೇರಿ ಮತ್ತು ಮನುಷ್ಯರ ಜಗಳ ಅಂದಾಗ ನಾವು ಸುಮ್ಮನೆ ಮನುಷ್ಯರ ಪಕ್ಷ ಹಿಡೀತೀವಿ. ‘ಟೈದ್’ ಆ ಪಕ್ಷವನ್ನೇ ಬದಲಾಯಿಸುತ್ತೆ. ನ್ಯೂಜೆರ್ಸಿಯ 16 ವರ್ಷದ ಕೇಯ್‌ಗೆ ತಾನೇ ಚೇಂಜ್‌ಲಿಂಗ್ ಅಂತ ಗೊತ್ತಾಗುತ್ತೆ. ಇಷ್ಟು ವರ್ಷ ಅಮ್ಮ ಅಂದವಳು ತನ್ನಮ್ಮ ಅಲ್ಲ, ಆ ಅಮ್ಮನ ನಿಜವಾದ ಮಗಳು ಇನ್ನೆಲ್ಲೋ ಇದ್ದಾಳೆ. ಓದೋ ನಾವು ಈಗ ಅನುಮಾನಕ್ಕೆ ಒಳಗಾದವಳ ಮೈಯೊಳಗಿದ್ದೀವಿ. ಈ ಮನೆಗೆ ನಾನು ಸೇರಿದವಳೇ ಅಲ್ಲ ಅಂತ ಹದಿನಾರರಲ್ಲಿ ಯಾರಿಗೆ ಅನ್ನಿಸಿಲ್ಲ ಹೇಳಿ? ನನಗಂತೂ ಅನ್ನಿಸಿತ್ತು, ಸೈನ್ಸ್ ತಗೋ ಅಂತ ಮನೆಯಲ್ಲಿ ಜಗಳ ಆದ ದಿನಗಳಲ್ಲಿ.

ಶುರು ಮಾಡೋರಿಗೆ ‘ಕ್ರುಯಲ್ ಪ್ರಿನ್ಸ್’ ಸುಲಭ, ಓಡಿಸ್ಕೊಂಡು ಹೋಗುತ್ತೆ. ‘ಟೈದ್’ನಲ್ಲಿ ಕುಡಿತ, ಹಿಂಸೆ ಜಾಸ್ತಿ, ತಮ್ಮ ತಂಗಿಯರಿಗೆ ಕೊಡೋ ಮುಂಚೆ ನೀವೊಮ್ಮೆ ಓದಿ. ನಿಮ್ಮೂರಲ್ಲಿ ‘ನಾಳೆ ಬಾ’ ಬರಹ ಇನ್ನೂ ಅಳಿಸದ ಬಾಗಿಲಿದ್ದರೆ ಫೋಟೋ ತೆಗೆದು ಕಳಿಸಿ. ಮನೆಯವರನ್ನ ಕೇಳಿಯೇ ತೆಗೀರಿ.