ಪಾಠ ಮೊಬೈಲಿನಲ್ಲಿ, ಪ್ರಯೋಗ ಮಗುವಿನ ಕೈಯಲ್ಲಿ



ವಿದ್ಯಾರ್ಥಿವೇತನ ಪಡೆಯುತ್ತಿರುವ ಎಂಟರಿಂದ ಹತ್ತನೇ ತರಗತಿಯ ಮಕ್ಕಳಿಗಾಗಿ ನಮ್ಮ ಟ್ರಸ್ಟ್ ಈ ವರ್ಷ ಆನ್‌ಲೈನ್ ವಿಜ್ಞಾನ ಕಾರ್ಯಾಗಾರಗಳನ್ನು ಆರಂಭಿಸಿದೆ. ಮೊಬೈಲಿನಲ್ಲಿ ವಿಜ್ಞಾನದ ವಿಡಿಯೊಗಳು ಬೇಕಾದಷ್ಟು ಸಿಗುವಾಗ ಇದಕ್ಕೆ ಹಣ ಏಕೆ ಎಂದು ಕೆಲವು ದಾನಿಗಳು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಒಂದು ಭಾನುವಾರದ ಪಾಠ ಹೇಗೆ ನಡೆಯುತ್ತದೆಂದು ಹೇಳಿದರೆ ಉತ್ತರ ಸಿಗುತ್ತದೆ.

ಪಾಠಕ್ಕೆ ಮೊದಲೇ ಮಗುವಿನ ಮನೆಗೆ ಒಂದು ಪೊಟ್ಟಣ ತಲುಪುತ್ತದೆ. ಅದರಲ್ಲಿ ರಟ್ಟು, ಬಿಳಿ ಹಾಳೆ, ಗುಂಡುಸೂಜಿ, ಎರಡು ಮೇಣದಬತ್ತಿ ಇರುತ್ತವೆ. ಕೋಣೆಯನ್ನು ಕತ್ತಲು ಮಾಡಿ, ಮನೆಯ ಹಿರಿಯರೊಬ್ಬರು ಜೊತೆಗಿರುವಾಗ ಮಗು ಬತ್ತಿಗಳನ್ನು ಪಕ್ಕಪಕ್ಕದಲ್ಲಿ ಹಚ್ಚಿಡುತ್ತದೆ. ಅವುಗಳ ಮುಂದೆ ಸೂಜಿಯಿಂದ ಚುಚ್ಚಿದ ರಟ್ಟು, ಅದರಾಚೆ ಬಿಳಿ ಹಾಳೆ. ಹಾಳೆಯ ಮೇಲೆ ತಲೆಕೆಳಗಾದ ಎರಡು ಜ್ವಾಲೆಗಳು ಮೂಡುತ್ತವೆ. ಎಡಗಡೆಯ ಬತ್ತಿಗೂ ರಟ್ಟಿಗೂ ನಡುವೆ ಪುಸ್ತಕ ಅಡ್ಡ ಹಿಡಿದರೆ ಯಾವ ಬಿಂಬ ಮರೆಯಾಗುತ್ತದೆ? ಮಕ್ಕಳು ಮೊದಲು ತಮ್ಮ ಊಹೆಯನ್ನು ಬರೆಯಬೇಕು. ಹೆಚ್ಚಿನವರು ಎಡಗಡೆಯದು ಎಂದೇ ಬರೆಯುತ್ತಾರೆ. ಮರೆಯಾಗುವುದು ಬಲಗಡೆಯದು. ಬೆಳಕು ನೇರವಾಗಿ ಸಾಗುವುದರಿಂದ ಕಿರಣಗಳು ರಂಧ್ರದಲ್ಲಿ ಒಂದನ್ನೊಂದು ದಾಟಿ ಎದುರು ಬದಿಗೆ ಬೀಳುತ್ತವೆ.

ಈ ಪ್ರಯೋಗಕ್ಕೆ ಸಾವಿರ ವರ್ಷದ ಇತಿಹಾಸವಿದೆ. ಸುಮಾರು 965ರಲ್ಲಿ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ನೆಲೆಸಿದ ಇಬ್ನ್ ಅಲ್-ಹೈಥಮ್ ತಮ್ಮ ‘ಕಿತಾಬ್ ಅಲ್-ಮನಾಝಿರ್’ ಗ್ರಂಥದಲ್ಲಿ, ಹಲವು ದೀಪಗಳನ್ನಿಟ್ಟು ಒಂದೊಂದನ್ನೇ ಮರೆಮಾಡಿ ಪರೀಕ್ಷಿಸುವುದನ್ನು ವಿವರಿಸಿದ್ದಾರೆ. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂಬ ಹಳೆಯ ವಾದವನ್ನು ಅವರು ಒಪ್ಪಲಿಲ್ಲ. ವಸ್ತುವಿನಿಂದ ಬಂದ ಬೆಳಕು ಕಣ್ಣನ್ನು ಸೇರುವುದರಿಂದಲೇ ನೋಟ ಎಂದು ತೋರಿಸಿದರು. ವಿಶ್ವಸಂಸ್ಥೆ 2015ನ್ನು ಬೆಳಕಿನ ಅಂತರರಾಷ್ಟ್ರೀಯ ವರ್ಷವಾಗಿ ಆಚರಿಸಿದಾಗ ಅವರ ಕೆಲಸವನ್ನೂ ಸ್ಮರಿಸಲಾಯಿತು. ಹಿರಿಯರು ಹೇಳಿದ್ದನ್ನೂ ಪರೀಕ್ಷಿಸಿ ನೋಡುವ ಅವರ ಅಭ್ಯಾಸವೇ ನಮ್ಮ ಮಕ್ಕಳಿಗೂ ಬರಲಿ ಎಂಬುದು ನಮ್ಮ ಆಸೆ.

ಒಬ್ಬ ವಿದ್ಯಾರ್ಥಿನಿ ಸೂಜಿ ಕಳೆದುಕೊಂಡು ಪೆನ್ಸಿಲಿನಿಂದ ರಂಧ್ರ ಮಾಡಿದ್ದಳು. ಬಿಂಬ ಮಸುಕಾಯಿತು. “ನನ್ನದು ತಪ್ಪಾಯ್ತು ಸಾರ್” ಎಂದಳು. ತಪ್ಪಲ್ಲ, ಏಕೆ ಹೀಗಾಯಿತು ಹೇಳು ಎಂದೆವು. ಅಮ್ಮನ ಹೊಲಿಗೆ ಸೂಜಿಯಿಂದ ಇನ್ನೊಂದು ರಟ್ಟು ಚುಚ್ಚಿ, ರಂಧ್ರ ಚಿಕ್ಕದಾದರೆ ಬಿಂಬ ಸ್ಪಷ್ಟ, ಆದರೆ ಬೆಳಕು ಕಡಿಮೆ ಎಂದು ತಾನೇ ಕಂಡುಕೊಂಡಳು. ವಿಡಿಯೊದಲ್ಲಿ ಪ್ರಯೋಗ ಎಂದೂ ಕೆಡುವುದಿಲ್ಲ. ಆದ್ದರಿಂದ ಈ ಪಾಠ ಅಲ್ಲಿ ಸಿಗುವುದಿಲ್ಲ.

ನಮಗಿರುವ ದೊಡ್ಡ ತೊಡಕು ಇಂಟರ್‌ನೆಟ್ ಅಲ್ಲ. ಅನೇಕ ಮನೆಗಳಲ್ಲಿ ಇರುವುದು ಒಂದೇ ಮೊಬೈಲು. ಅದು ತಂದೆಯವರ ಜೊತೆ ಕೆಲಸಕ್ಕೆ ಹೋಗುತ್ತದೆ, ಉಳಿದರೆ ಮೊದಲು ಮಗನ ಕೈ ಸೇರುತ್ತದೆ. ಹೆಣ್ಣುಮಕ್ಕಳ ಹಾಜರಿ ಕಡಿಮೆಯಾಗುವುದು ಇಲ್ಲಿಯೇ. ಪೋಷಕರಲ್ಲಿ ನಮ್ಮ ವಿನಂತಿ: ಭಾನುವಾರ ಒಂದು ಗಂಟೆ ಮೊಬೈಲನ್ನೂ ಮನೆಯ ಒಂದು ಮೂಲೆಯನ್ನೂ ಮಗಳಿಗೆ ಬಿಟ್ಟುಕೊಡಿ. ಅದು ಸಾಧ್ಯವಾಗದಿದ್ದರೆ ಸಂಕೋಚಪಡದೆ ಕಚೇರಿಗೆ ತಿಳಿಸಿ. ಹತ್ತಿರದ ಇನ್ನೊಬ್ಬ ವಿದ್ಯಾರ್ಥಿನಿಯ ಮನೆಯಲ್ಲಿ ಕೂರಿಸುವ ವ್ಯವಸ್ಥೆ ಮಾಡುತ್ತೇವೆ.

ದಾನಿಗಳ ಗಮನಕ್ಕೆ: ಪೊಟ್ಟಣಗಳ ಖರ್ಚಿಗೆ ಜಕಾತ್ ನಿಧಿಯನ್ನು ಮುಟ್ಟಿಲ್ಲ, ಸದಖಾ ಮತ್ತು ಸಾಮಾನ್ಯ ದೇಣಿಗೆಯಿಂದಲೇ ಭರಿಸಿದ್ದೇವೆ. ಮುಂದಿನ ವರ್ಷವೂ ನಿಮ್ಮ ನೆರವು ಹೀಗೆಯೇ ಇರಲಿ.